ಲುದ್ವಿಕಾ ಅವರ ಮೇಜಿನ ಹೆಚ್ಚುವರಿ ತಟ್ಟೆಯ ಇತ್ಯರ್ಥದ ಬಗ್ಗೆ

ಪುರಸಭೆ, ಹಬ್ಬಗಳ ವಿಂಗಡಣಾ ಶಾಖೆ, ಪೂರ್ವ ಪೋಲೆಂಡ್
ಸಂಖ್ಯೆ: ಹವಿಶಾ/ಕ್ರಿಸ್ಮಸ್/ತಟ್ಟೆ/7

ಸುತ್ತೋಲೆ

ವಿಷಯ: ಕ್ರಿಸ್ಮಸ್ ಮುನ್ನಾದಿನದ ಆಚರಣೆಗಳಲ್ಲಿ ಚರ್ಚಿನದೆಷ್ಟು, ಅದಕ್ಕೂ ಹಿಂದಿನ ಹಳೆಯ ದೇವರುಗಳದೆಷ್ಟು ಎಂದು ಬೇರ್ಪಡಿಸುವ ಕುರಿತು.

ಉಲ್ಲೇಖ: 1) ಕಳೆದ ವರ್ಷದ ಸುತ್ತೋಲೆ (ಯಾರೂ ಓದಿಲ್ಲ).
2) ಬೇಕರಿ ಮುಂದೆ ಪಾದ್ರಿಗಳಿಗೂ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಿಗೂ ನಡೆದ ಜಗಳ (ಎಲ್ಲರೂ ಕೇಳಿದ್ದಾರೆ).

ಎರಡು ದೋಣಿಯಲ್ಲಿ ಕಾಲಿಟ್ಟ ಆಚರಣೆಗಳನ್ನು ನಿಲ್ಲಿಸಲಾಗುವುದೆಂದು ಈಗಾಗಲೇ ಆದೇಶಿಸಲಾಗಿದ್ದು, ಈ ಮೂಲಕ ಮತ್ತಷ್ಟು ಸ್ಪಷ್ಟಪಡಿಸಲಾಗಿದೆ:

1. ಮೇಜುಬಟ್ಟೆಯ ಕೆಳಗೆ ಹಾಸುವ ಒಣಹುಲ್ಲು ಯೇಸು ಹುಟ್ಟಿದ ಗೋದಲಿಯ ನೆನಪೆಂದು ಪಾದ್ರಿಗಳೂ, ಬೆಳೆದೇವರ ಕಾಣಿಕೆಯೆಂದು ಮೇಲ್ವಿಚಾರಕರೂ ಪಟ್ಟು ಹಿಡಿದಿರುತ್ತಾರೆ. ಆದಕಾರಣ ಮೇಲಿನ ಪದರ ಪಾದ್ರಿಗಳಿಗೆ, ಕೆಳಗಿನದು ಬೆಳೆದೇವರಿಗೆ ಸೇರತಕ್ಕದ್ದು. ನಡುವೆ ವೃತ್ತಪತ್ರಿಕೆ ಹಾಸತಕ್ಕದ್ದು.

2. ಹಬ್ಬದೂಟವನ್ನು ರೂಢಿಯಂತೆ ಮೊದಲ ನಕ್ಷತ್ರ ಕಂಡ ಮೇಲೆಯೇ ಉಣ್ಣತಕ್ಕದ್ದು. ಮೋಡವಿದ್ದಲ್ಲಿ ಪುರಸಭೆಯ ಬೀದಿದೀಪವನ್ನೇ ನಕ್ಷತ್ರವೆಂದು ಭಾವಿಸಬಹುದು. ಅದೂ ಉರಿಯದಿದ್ದಲ್ಲಿ ಹಸಿದುಕೊಂಡೇ ಅರ್ಜಿ ಸಲ್ಲಿಸತಕ್ಕದ್ದು.

3. ಊರ ನಂಬಿಕೆಯಂತೆ ಆ ರಾತ್ರಿ ಮನುಷ್ಯರ ಭಾಷೆ ಆಡುವ ದನಗಳು ತಾವು ಯಾವ ಕಡೆಯವೆಂದು ಮೊದಲೇ ಘೋಷಿಸತಕ್ಕದ್ದು. ಕಳೆದ ವರ್ಷ ಹಸುವೊಂದು ಈ ಶಾಖೆಯ ಬಗ್ಗೆ ಆಡಿದ ಮಾತನ್ನು ಕಡತದಿಂದ ತೆಗೆಯಲಾಗಿದೆ.

4. ಖಾಲಿ ತಟ್ಟೆ: ಇದೇ ಕಗ್ಗಂಟು. ಮನೆಮನೆಯಲ್ಲೂ ಇಡುವ ಒಂದು ಹೆಚ್ಚುವರಿ ತಟ್ಟೆ, ತೀರಿಹೋದವರಿಗಾದರೆ ಹಳೆಯ ನಂಬಿಕೆಯದು. ದಾರಿಹೋಕ ಅತಿಥಿಗಾದರೆ ಚರ್ಚಿನದು. ಗಿರಣಿ ಬೀದಿಯ ಒಂಟಿ ವಿಧವೆ ಶ್ರೀಮತಿ ಲುದ್ವಿಕಾ ಅವರು ತಮ್ಮ ತಟ್ಟೆ ದಿವಂಗತ ಪತಿ ಸೆವೆರಿನ್ ಅವರಿಗೂ ಹೌದು, ಅತಿಥಿಗೂ ಹೌದು ಎಂದು ಹಟ ಹಿಡಿದರು. ತಟ್ಟೆಯನ್ನು ಜಪ್ತಿ ಮಾಡಲು ಪರಿವೀಕ್ಷಕ ಕುಬ್ಲಿಕ್ ಅವರನ್ನು ಕಳೆದ ಹಬ್ಬದ ಸಂಜೆ ಕಳುಹಿಸಲಾಗಿತ್ತು.

5. ಸದರಿಯವರ ವರದಿಯಂತೆ ಶ್ರೀಮತಿಯವರು ಆಡಿದ ಮಾತು: “ಕಿತ್ಕೊಂಡು ಹೋಗೋದಾದ್ರೆ ಉಂಡ್ಕೊಂಡು ಹೋಗಪ್ಪ. ನಮ್ಮೆಜಮಾನ್ರೂ ಬರ್ಲಿಲ್ಲ, ಯೇಸುಸ್ವಾಮೀನೂ ಬರ್ಲಿಲ್ಲ, ಬಂದೋನು ನೀನೊಬ್ನೇ. ಬೀಟ್‌ರೂಟ್ ಸಾರು ಆರೋಗತ್ತೆ, ಕೂತ್ಕೋ.” ಕುಬ್ಲಿಕ್ ಕೂತರು. ಎರಡು ಸಲ ಬಡಿಸಿಕೊಂಡರು. ತಟ್ಟೆ ಎಲ್ಲಿ ಎಂದು ಕೇಳಲಾಗಿ, “ತೊಳೆಯೋಕೆ ಹಾಕ್ಬಿಟ್ರು ಸಾರ್” ಎಂದು ಉತ್ತರಿಸಿರುತ್ತಾರೆ. ಕರ್ತವ್ಯದ ಮೇಲಿರುವ ನೌಕರ ಅತಿಥಿಯೂ ಅಲ್ಲ, ಶವವೂ ಅಲ್ಲ ಎಂದು ಕಾನೂನು ಅಭಿಪ್ರಾಯ ಬಂದಿದೆ (ಎರಡನೆಯದಕ್ಕೆ ಒಬ್ಬ ಸದಸ್ಯರ ಭಿನ್ನಮತವಿದೆ).

6. ಹೀಗೆ ತಟ್ಟೆ ಯಾವ ಕಡೆಯದೆಂದು ತೀರ್ಮಾನವಾಗದ ಕಾರಣ ಜಪ್ತಿಯನ್ನು ಕೈಬಿಡಲಾಗಿದೆ. ಸದರಿ ತಟ್ಟೆಯನ್ನು ಪ್ರತಿ ವರ್ಷ ಮರುಪರಿಶೀಲಿಸತಕ್ಕದ್ದು. ಮನೆಯಲ್ಲಿ ಕಾಯುವವರಿಲ್ಲದ ನೌಕರರನ್ನು ಮಾತ್ರ ಇದಕ್ಕೆ ನಿಯೋಜಿಸತಕ್ಕದ್ದು. ಅರ್ಜಿಗಳು ವಿಪರೀತ ಬಂದಿರುವುದರಿಂದ, ಹಿರಿತನದ ಮೇಲೆ, ಈ ವರ್ಷ ಕೆಳಗೆ ಸಹಿ ಮಾಡಿದವರನ್ನೇ ಆಯ್ಕೆ ಮಾಡಲಾಗಿದೆ.

ಸಹಿ/-
ಗೆರ್ವಾಜಿ ಪೆಂಕಾಲಾ
ಶಾಖಾಧಿಕಾರಿ (ಅವಿವಾಹಿತ)

ಪ್ರತಿಗಳು:
1. ಪಾದ್ರಿಗಳಿಗೆ, ಮೇಲಿನ ಪದರಕ್ಕೆ ಸಂಬಂಧಿಸಿದಷ್ಟು.
2. ಮೇಲ್ವಿಚಾರಕರಿಗೆ, ಕೆಳಗಿನ ಪದರಕ್ಕೆ ಸಂಬಂಧಿಸಿದಷ್ಟು.
3. ಪಶುವೈದ್ಯರಿಗೆ, ದನಗಳಿಗೆ ಓದಿ ಹೇಳಲು.
4. ಪರಿವೀಕ್ಷಕ ಕುಬ್ಲಿಕ್ ಅವರಿಗೆ: ರಜೆ ಹಾಕಿ ತಾವೂ ಅಲ್ಲಿಗೇ ಹೊರಟಿರುವುದು ಗಮನಕ್ಕೆ ಬಂದಿದೆ.
5. ಶ್ರೀಮತಿ ಲುದ್ವಿಕಾ ಅವರಿಗೆ: ಸೆವೆರಿನ್ ಅವರ ತಟ್ಟೆ ಇದ್ದಲ್ಲೇ ಇರಲಿ, ಇನ್ನೆರಡು ಇಡಬೇಕಾಗಿ ವಿನಂತಿ.