ವಿಮಾನ ಹತ್ತಿದ ಉಡಿ

ಪ್ರವಾಸ ಮಾಡಿದವರೆಲ್ಲ ಹೋದ ಕಥೆಯನ್ನು ಹೇಳುತ್ತಾರೆಯೇ ಹೊರತು ಬಂದ ಕಥೆಯನ್ನು ಯಾರೂ ಹೇಳುವುದಿಲ್ಲ. ಹೇಳುವುದಕ್ಕೆ ಮುಖ ಬೇಕಲ್ಲ! ಹೋಗುವಾಗ ಇಸ್ತ್ರಿ ಮಾಡಿದ ಅಂಗಿ, ಹೊಸ ಬೂಟು, ಕೈ ಬೀಸಲು ನಾಲ್ಕು ಜನ. ಬರುವಾಗ ಒಗೆಯದ ಬಟ್ಟೆಯ ಗಂಟು, ಊದಿಕೊಂಡ ಪಾದ, ಮುಚ್ಚಲು ಒಪ್ಪದ ಸೂಟ್‌ಕೇಸು. ಹೊಸಪೇಟೆಯ ನಮ್ಮ ಮನೆಯಲ್ಲಿ ಒಂದು ಬೆರಳು ಒತ್ತಿದರೆ ತೆಪ್ಪಗೆ ಮುಚ್ಚಿಕೊಂಡ ಅದೇ ಸೂಟ್‌ಕೇಸು, ಯುರೋಪು ನೋಡಿದ ಮೇಲೆ ನಾನೇ ಏರಿ ಕೂತರೂ ಬಗ್ಗಲಿಲ್ಲ. ವಿದೇಶ ಕಂಡ ಮೇಲೆ ಸೂಟ್‌ಕೇಸಿಗೂ ಸ್ವಲ್ಪ ಸೊಕ್ಕು ಬರುತ್ತದೆಯೆಂದು ಕಾಣುತ್ತದೆ.

ಇಂಥ ವಿಷಯದಲ್ಲಿ ನಾನು ಸೋಲುವ ಆಸಾಮಿಯಲ್ಲ. ತೋರಣಗಲ್ಲಿನ ಕಡೆ ಒಂದು ಉಕ್ಕಿನ ಕಾರ್ಖಾನೆಯ ಸ್ಟೋರಿನ ಉಸ್ತುವಾರಿ ನನ್ನದು. ನನ್ನ ಸಹಿ ಇಲ್ಲದೆ ಒಂದು ಬೋಲ್ಟು ಕೂಡ ಗೇಟು ದಾಟುವುದಿಲ್ಲ. ಹಾಗಾಗಿ ಪ್ರವಾಸದುದ್ದಕ್ಕೂ ಲಗೇಜು ನನ್ನ ಖಾತೆ, ನೋಡುವುದು ನನ್ನ ಹೆಂಡತಿ ಗಿರಿಜಾಳ ಖಾತೆ. ಅವಳು ಚೆನ್ನಾಗಿಯೇ ನೋಡಿದಳು. ರೋಮಿನಲ್ಲಿ ನಮ್ಮ ಗುಂಪಿನವರೆಲ್ಲ ಮುರಿದ ಕಂಬಗಳ ಮುಂದೆ ಬಾಯಿ ತೆರೆದು ನಿಂತಿದ್ದಾಗ ಅವಳು ನನ್ನ ಕಿವಿಯ ಹತ್ತಿರ ಬಂದು, "ಬಿದ್ದ ಕಂಬ ನೋಡಾಕ ಇಷ್ಟು ದೂರ ಬರಬೇಕಿತ್ತೇನ್ರಿ? ಹಂಪಿಗೆ ಆಟೋದಾಗ ಹೋಗಿ ಬರ್ತಿದ್ವಲ್ಲ" ಅಂದಳು. ಸ್ವಿಸ್ ಬೆಟ್ಟದ ಹಿಮ ಕಂಡಾಗ ಮಾತ್ರ ಎರಡೂ ಕೈ ಎತ್ತಿ ಮುಗಿದಳು. ಅವಳ ಆ ಮುಖ ನೋಡಿ, ಕೂಡಿಟ್ಟ ರಜೆಯೆಲ್ಲ ಖರ್ಚಾದದ್ದಕ್ಕೆ ನನಗೆ ಬೇಸರವಾಗಲಿಲ್ಲ.

ಕೊನೆಯ ಎರಡು ದಿನ ನಾವು ಗುಂಪು ಬಿಟ್ಟು ಜರ್ಮನಿಯಲ್ಲಿ ಶಿಲ್ಪಾಳ ಮನೆಯಲ್ಲಿದ್ದೆವು. ಶಿಲ್ಪಾ ಗಿರಿಜಾಳ ಅಣ್ಣನ ಮಗಳು, ಕಂಪ್ಲಿಯ ಹುಡುಗಿ, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಗಿರಿಜಾಳ ತವರು ಕಂಪ್ಲಿ. ಅವಳ ಅಣ್ಣ, ಅವಳು ವೈನಿ ಎನ್ನುತ್ತಿದ್ದ ಅತ್ತಿಗೆ, ಇಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿತ್ತು. ಅಂದಿನಿಂದ ತವರಿನ ಕಡೆಯಿಂದ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಇವಳ ಉಡಿ ತುಂಬುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಗಿರಿಜಾ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಕಂಪ್ಲಿಯ ಬಸ್ಸು ಕಂಡಾಗಲೆಲ್ಲ ಅದರ ಬೋರ್ಡನ್ನು ಪೂರಾ ಓದಿಯೇ ಮುಂದೆ ಹೆಜ್ಜೆ ಇಡುತ್ತಿದ್ದಳು.

ಹೊರಡುವ ಬೆಳಿಗ್ಗೆ ಶಿಲ್ಪಾ ಒಂದು ಮಣೆಯಂಥ ಸ್ಟೂಲು ಹಾಕಿ, "ಅತ್ತಿ, ಬಾ, ಕುಂದ್ರು. ತವರ್ಮನಿಯಿಂದ ಬರಿ ಉಡೀಲೆ ಹೋಗಬಾರ್ದು" ಅಂದಳು. ಗಿರಿಜಾ ಕೈಯಲ್ಲಿದ್ದ ಬಾಚಣಿಗೆಯನ್ನು ಅಲ್ಲೇ ಇಟ್ಟು ಕೂತಳು. ಕಂಪ್ಲಿಯಲ್ಲಾದರೆ ಎಲ್ಲ ಸಾಮಾನೂ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿ ಅಕ್ಕಿ ತುರ್ಕಿಯವರ ಅಂಗಡಿಯದು. ಕೊಬ್ಬರಿ ಬಟ್ಟಲನ್ನು ಶಿಲ್ಪಾ ಯಾವಾಗಲೋ ಊರಿಂದ ತಂದು ಜೋಪಾನ ಮಾಡಿದ್ದಳು. ಅಡಿಕೆಗೆ ಬಾದಾಮಿ, ವೀಳ್ಯದೆಲೆಗೆ ಪಕ್ಕದ ಮನೆಯ ಬೇಲಿಯ ದ್ರಾಕ್ಷಿ ಎಲೆ, ಕುಪ್ಪಸದ ಖಣಕ್ಕೆ ಹೊಸ ದಿಂಬಿನ ಚೀಲ. "ಸಿಕ್ಕಿದ್ದು ಇಷ್ಟಾ ನೋಡತ್ತಿ" ಎಂದು ಅವಳು ಕಣ್ಣು ತುಂಬಿಕೊಂಡರೆ, "ಏನ್ ಕಡಿಮಿ ಆಗೇತವ್ವ? ನಮ್ಮ ವೈನಿ ತುಂಬಿದಂಗ ಐತಿ" ಎಂದು ಇವಳೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಇಷ್ಟೆಲ್ಲ ನಡೆಯುವಾಗ ನಾನು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಸೂಟ್‌ಕೇಸು ತೂಗುತ್ತಿದ್ದೆ.

ಉಡಿ ತುಂಬಿಸಿಕೊಂಡವರು ಹೊಸ್ತಿಲು ದಾಟಿದ ಮೇಲೆ ಅದನ್ನು ಚೀಲಕ್ಕೆ ಹಾಕಿಕೊಳ್ಳುವುದು ಲೋಕರೂಢಿ. ಆದರೆ ನನ್ನ ಅತ್ತೆಯವರ ಮನೆತನ ಲೋಕದೊಳಗಿನದಲ್ಲ. ಗಂಡನ ಮನೆ ಮುಟ್ಟಿ, ದೇವರ ಮುಂದೆ ಇಳಿಸುವವರೆಗೂ ಉಡಿ ಸೆರಗಿನಲ್ಲೇ ಇರಬೇಕು, ಆಮೇಲೆ ಆ ಅಕ್ಕಿಯನ್ನು ಬೇಯಿಸಿ ಉಣ್ಣಬೇಕು. ಈ ನಿಯಮ ಮಾಡಿದ ಹಿರಿಯರು ಕಂಪ್ಲಿಯಿಂದ ಹೊಸಪೇಟೆಗೆ ಬರುವ ಬಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಡುವೆ ಜರ್ಮನಿ ಬರುತ್ತದೆಂದು ಅವರಿಗೇನು ಗೊತ್ತು?

"ಏ, ಬ್ಯಾಗಿನ್ಯಾಗ ಹಾಕ್ಕೋ. ಅಲ್ಲಿ ತಪಾಸಣಿ ಇರತೈತಿ" ಅಂದೆ.

"ಹಂಗ ಬರಂಗಿಲ್ರಿ. ದಾರ್ಯಾಗ ಉಡಿ ಇಳಸಬಾರ್ದು ಅಂತ ನಮ್ಮವ್ವ ಹೇಳ್ಯಾಳ."

"ನಿಮ್ಮವ್ವ ವಿಮಾನ ಹತ್ತಿದ್ಲೇನು?"

"ಹತ್ತಿದ್ರೂ ಇಳಸ್ತಿರಲಿಲ್ಲ ಬಿಡ್ರಿ."

ಹೀಗೆ ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಿರಿಜಾ ವಿಮಾನ ನಿಲ್ದಾಣ ಹೊಕ್ಕಳು. ಲಗೇಜು ತೆಗೆದುಕೊಳ್ಳುವ ಹುಡುಗಿ ಅವಳ ಹೊಟ್ಟೆಯ ಕಡೆ ನೋಡಿ ಭಾಳ ಪ್ರೀತಿಯಿಂದ ನಕ್ಕಳು. ಆಮೇಲೆ ಅವಳ ನರೆಗೂದಲು ನೋಡಿದಳು, ಪಕ್ಕದಲ್ಲಿ ನನ್ನ ಬೋಳುತಲೆ ನೋಡಿದಳು. ನಗು ಅರ್ಧಕ್ಕೇ ನಿಂತಿತು. ನಾನು ಮೇಲಿನ ಫಲಕವನ್ನು ಓದುವವನ ಹಾಗೆ ನಟಿಸಿದೆ.

ನಿಜವಾದ ಫಜೀತಿ ತಪಾಸಣೆಯ ಯಂತ್ರದ ಹತ್ತಿರ. ಗಿರಿಜಾ ಅದರೊಳಗೆ ನಿಂತದ್ದೇ ತಡ, ಪರದೆಯ ಮೇಲೆ ಅವಳ ಸೊಂಟದ ಜಾಗ ಹಳದಿಯಾಗಿ ಹೊಳೆಯಿತು. ಎತ್ತರದ ಮಹಿಳಾ ಅಧಿಕಾರಿಯೊಬ್ಬಳು ಬಂದು ಗಂಟಿನ ಕಡೆ ಬೆರಳು ಮಾಡಿದಳು. ನಾನು ಮುಂದೆ ನುಗ್ಗಿ ನನ್ನ ಇಂಗ್ಲಿಷಿನಲ್ಲಿ ಅಕ್ಕಿ ಅಂದೆ, ಕೊಬ್ಬರಿ ಅಂದೆ, ತವರುಮನೆ ಅಂದೆ, ಸಂಪ್ರದಾಯ ಅಂದೆ. ನಾನು ಬಿಡಿಸಿ ಹೇಳಿದಷ್ಟೂ ಅವಳ ಹುಬ್ಬು ಗಂಟಾಗುತ್ತಾ ಹೋಯಿತು. ಆ ಹುಬ್ಬಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಗೇಟಿನಲ್ಲಿ ಯಾರಾದರೂ ಜಾಸ್ತಿ ವಿವರಣೆ ಕೊಡಲು ಶುರುಮಾಡಿದರೆ ನಾನೂ ಹುಬ್ಬನ್ನು ಹಾಗೆಯೇ ಮಾಡುತ್ತೇನೆ. ಕೊನೆಗೆ ಅವಳು ನನ್ನನ್ನು ಅಲ್ಲೇ ನಿಲ್ಲಿಸಿ ಗಿರಿಜಾಳನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಇವಳು ಗಂಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಒಮ್ಮೆ ನನ್ನ ಕಡೆ ತಿರುಗಿ ನೋಡಿ ಹೋದಳು. ಹಟಮಾರಿಯೆಂದು ಬೈದುಕೊಳ್ಳುತ್ತಿದ್ದ ನಾನು ಆ ನೋಟ ಕಂಡು ಬೈಯುವುದನ್ನು ಬಿಟ್ಟೆ. ಆ ಹಿಡಿ ಅಕ್ಕಿಯನ್ನು ಇವರು ಕಸದ ಡಬ್ಬಿಗೆ ಸುರಿದುಬಿಟ್ಟರೆ ಊರು ಮುಟ್ಟುವವರೆಗೆ ಇವಳ ಪಕ್ಕದಲ್ಲಿ ಹೇಗೆ ಕೂರಲಿ?

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮೊದಲು ಅಧಿಕಾರಿ ಬಂದಳು. ಅವಳ ಹಣೆಯ ಮೇಲೆ ಕಾಸಗಲ ಕುಂಕುಮ! ಹಿಂದೆಯೇ ಗಿರಿಜಾ. ಉಡಿ ತುಂಬಿತ್ತು, ಮುಖವೂ ತುಂಬಿತ್ತು.

"ಏನಾತು?"

"ಏನಾಗಬೇಕ್ರಿ? ಎಲ್ಲಾ ಬುಟ್ಟ್ಯಾಗ ಹಾಕಿಸಿ ನೋಡಿದ್ಲು, ಬಟ್ಟಿ ತುಣಕ್ಲೆ ಕೊಬ್ಬರಿ ಒರಿಸಿ ನೋಡಿದ್ಲು, ತಗೋ ಅಂದ್ಲು. ಇಳಿಸಿದ ಉಡಿ ನಾನಾ ತುಂಬ್ಕೊಳ್ಳಾಕ ಬರತೈತೇನು? ಸೆರಗು ಒಡ್ಡಿ ನಿಂತೆ. ಪಾಪ, ಗಾಬರಿ ಆದ್ಲು. ಹಿಂಗ ಹಾಕು ಅಂತ ಕೈಸನ್ನಿ ಮಾಡಿದೆ. ನೀಲಿ ಕೈಗವಸಿನ್ಯಾಗ ಐದು ಸಲ ಹಾಕಿದ್ಲು ನೋಡ್ರಿ, ಹುಟ್ಟಿದಾಗಿಂದ ಮಾಡಿದಂಗ!"

"ಯಾವ ಭಾಷೇಲೆ ಮಾತಾಡಿದ್ರಿ?"

"ಆಕೀದು ಆಕಿ, ನಂದು ನಾನು."

ವಿಮಾನದಲ್ಲಿ ಅವಳ ಉಡಿಗೆ ಅಡ್ಡಿಯಾಗುತ್ತದೆಂದು ಅವಳ ಸೀಟಿನ ಮುಂದಿನ ಊಟದ ಹಲಗೆಯನ್ನು ಬಿಚ್ಚಲಿಲ್ಲ. ಅವಳ ಊಟದ ತಟ್ಟೆಯನ್ನೂ ನಾನೇ ಹಿಡಿದು ಕೂತೆ. ಕೈ ಜುಮುಗುಟ್ಟಿದಾಗ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದೆ, ಅಷ್ಟು ಬುದ್ಧಿ ಬಂದಿತ್ತು. ಹೊಸಪೇಟೆಯ ಮನೆ ಮುಟ್ಟಿದ ಮೇಲೆ ಅವಳು ದೇವರ ಮುಂದೆ ಸೆರಗು ಬಿಚ್ಚಿ, ಫೋನಿನಲ್ಲಿ ಶಿಲ್ಪಾಳಿಗೆ ತೋರಿಸಿ, "ಮುಟ್ಟಿತವ್ವ, ಒಂದ್ ಕಾಳು ಬಿಡದಂಗ ಎಲ್ಲಾ ಮುಟ್ಟಿತು" ಅಂದಳು.

ಮರುದಿನ ಆ ಅನ್ನ ಉಣ್ಣಲು ಸಂಡೂರಿನಿಂದ ಗಿರಿಜಾಳ ಅಕ್ಕ ಬಂದರು. ಕಂಪ್ಲಿ ಅವರಿಗೂ ತವರೇ ತಾನೇ? ಊಟವಾದ ಮೇಲೆ ಅವರು, "ಶಿಲ್ಪಾ ಕೂಸು ಉಡಿ ತುಂಬೋ ಫೋಟೋ ತೋರಸ್ರಿ, ಕಣ್ತುಂಬ ನೋಡ್ತೀನಿ" ಅಂದರು. ನಾನು ಹುರುಪಿನಿಂದ ಫೋನು ತೆಗೆದೆ. ಗೋಪುರಗಳಿದ್ದವು, ಸೇತುವೆಗಳಿದ್ದವು, ಬಿದ್ದ ಕಂಬಗಳು ಒಂದೂ ತಪ್ಪದಂತೆ ಇದ್ದವು. ಉಡಿ ತುಂಬುವ ಫೋಟೋ ಇರಲಿಲ್ಲ. ಆ ಬೆಳಗಿನದೆಂದು ಇದ್ದದ್ದು ಒಂದೇ: ತೂಕ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಗಿರಲೆಂದು ನಾನು ತೆಗೆದ ಸೂಟ್‌ಕೇಸಿನ ಫೋಟೋ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಗಿರಿಜಾ ಫೋನು ಕಿತ್ತುಕೊಂಡು ಆ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತಾ ಹೋದಳು. ಹಿಂದಿನ ಮೂಲೆಯಲ್ಲಿ, ಸ್ವಲ್ಪ ಮಸುಕಾಗಿ, ಒಂದು ಒಡ್ಡಿದ ಸೆರಗು. ಅದರ ಮೇಲೆ ಅಕ್ಕಿ ತುಂಬಿದ ಶಿಲ್ಪಾಳ ಎರಡು ಕೈ. ಅಕ್ಕ ಕನ್ನಡಕ ಒರೆಸಿಕೊಂಡು ಅದನ್ನೇ ನೋಡುತ್ತಾ ಕೂತರು. ಗಿರಿಜಾ ಸೂಟ್‌ಕೇಸನ್ನು ಪೂರಾ ಕತ್ತರಿಸಿ ತೆಗೆದು, ಆ ಮೂಲೆಯನ್ನಷ್ಟೇ ಉಳಿಸಿಕೊಂಡಳು. ಈಗ ಬಂದವರಿಗೆಲ್ಲ ಅದನ್ನೇ ತೋರಿಸಿ, "ಏನರೆ ಅನ್ರಿ, ನಮ್ಮ ಮನಿಯವರು ಫೋಟೋ ಮಸ್ತ್ ತಗೀತಾರ" ಅನ್ನುತ್ತಾಳೆ. ನಾನು ತಲೆ ತಗ್ಗಿಸಿಕೊಂಡು ಚಹಾ ಕುಡಿಯುತ್ತೇನೆ. ನೋಡಿದವರು ಅದನ್ನು ವಿನಯವೆಂದು ತಿಳಿದಿದ್ದಾರೆ.