ನಾಲ್ಕು ತಾಲೂಕಿಗೆ ಒಂದೇ ಕೋಟು

‘ಚಿತ್ರಕೃಪೆ: ಅಂತರ್ಜಾಲ’ ಎಂದು ಮೊಟ್ಟಮೊದಲು ಬರೆದವನು ಯಾರೋ ನನಗೆ ಗೊತ್ತಿಲ್ಲ. ನನ್ನ ಹಾಗೆ ವಕೀಲನೇ ಇರಬೇಕು ಎಂಬ ಗುಮಾನಿ ಮಾತ್ರ ಇದೆ. ಯಾರದೋ ದೊಡ್ಡಿಯಿಂದ ಕುರಿ ಹೊಡೆದುಕೊಂಡು ಬಂದು, ಅದರ ಕೊರಳಿಗೆ ‘ಕುರಿಕೃಪೆ: ಅಡವಿ’ ಎಂದು ಚೀಟಿ ಕಟ್ಟಿದರೆ ಪೊಲೀಸರು ಸುಮ್ಮನೆ ಬಿಡುತ್ತಾರೆಯೆ? ಫೋಟೋದ ವಿಷಯದಲ್ಲಿ ಮಾತ್ರ ನಾವೆಲ್ಲ ಒಬ್ಬರನ್ನೊಬ್ಬರು ಬಿಟ್ಟುಕೊಂಡು ಹಾಯಾಗಿದ್ದೇವೆ. ಅದರಲ್ಲೂ ಹಳೆಯ ಫೋಟೋ ಎಂದರೆ ಕೇಳುವುದೇ ಬೇಡ. ಬಣ್ಣ ಮಾಸಿದಂತೆ ಒಡೆತನವೂ ಮಾಸಿಹೋಗುತ್ತದೆ ಎಂದು ನಮ್ಮ ನಂಬಿಕೆ. ನಾನಂತೂ ಹಾಗೆ ನಂಬಿಕೊಂಡು ಬಹಳ ದಿನ ಸುಖವಾಗಿದ್ದೆ.

ನಾನು ಸಿಂದಗಿ ಕೋರ್ಟಿನ ವಕೀಲ. ಕೈಗೆ ಬರುವುದೆಲ್ಲ ಹೊಲದ ವ್ಯಾಜ್ಯಗಳು. ಅಣ್ಣತಮ್ಮಂದಿರ ಪಾಲುವಾಟ್ನಿ, ಬದುವಿನ ತಂಟೆ, ಬಾವಿ ನೀರಿನ ಪಾಳಿ. ದಿನವಿಡೀ ಬಾಯಿ ಮಾಡುವವರ ನಡುವೆ ಇದ್ದು ಮನೆಗೆ ಬಂದವನಿಗೆ ಬಾಯಿ ಮುಚ್ಚಿಕೊಂಡಿರುವ ಮುಖಗಳನ್ನು ನೋಡುವ ಆಸೆ ಹುಟ್ಟಿತು. ಹಳೆಯ ಫೋಟೋಗಳಲ್ಲಿ ಇರುವವರೆಲ್ಲ ಅಂಥವರೇ ಅಲ್ಲವೆ? ಹೀಗಾಗಿ ಮೊಬೈಲಿನಲ್ಲಿ ‘ನಾಲ್ಕು ತಾಲೂಕಿನ ಹಳೆ ಮುಖಗಳು’ ಎಂಬ ಪುಟ ತೆರೆದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ನನ್ನ ಕಕ್ಷಿದಾರರಿದ್ದಾರೆ, ಇಲ್ಲವೆ ಅವರ ಬೀಗರಿದ್ದಾರೆ. ಯಾರ ಮನೆಗೆ ಹೋದರೂ ಪಡಸಾಲೆಯ ಗೋಡೆಗೆ ದೊಡ್ಡದೊಂದು ಗಾಜಿನ ಕಟ್ಟು. ಅದರೊಳಗೆ ಇಡೀ ವಂಶವನ್ನೇ ಒತ್ತೊತ್ತಾಗಿ ಕೂಡಿಸಿರುತ್ತಾರೆ. ಚಹಾ ಬರುವಷ್ಟರಲ್ಲಿ ನಾನು ಕುರ್ಚಿ ಹತ್ತಿ, ಅವರನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು ಇಳಿದಿರುತ್ತಿದ್ದೆ.

ಹಿಡಿದು ತಂದದ್ದನ್ನು ಬೇರೆ ಯಾರಾದರೂ ಕದ್ದುಬಿಟ್ಟಾರು ಎಂಬ ಹೆದರಿಕೆ ನನಗೆ. ಆದ್ದರಿಂದ ಪ್ರತಿ ಫೋಟೋದ ಕಲೆಗಳನ್ನು ಮೊಬೈಲಿನಲ್ಲೇ ಅಳಿಸಿದ ಮೇಲೆ ಅದರ ನಟ್ಟನಡುವೆ ಅಡ್ಡಲಾಗಿ ನನ್ನ ಹೆಸರು, ಮುಂದೆ ಬಿ.ಎ., ಎಲ್‌ಎಲ್.ಬಿ. ಯಾರದೋ ಅಜ್ಜಿಯ ಎದೆಯ ಮೇಲೆ, ಯಾರದೋ ಕಾಕಾನ ಮೀಸೆಯ ಮೇಲೆ ನನ್ನ ಪದವಿ ಮೆರೆಯುತ್ತಿತ್ತು. “ಜ್ವಾಳಾ ಹಸನ ಮಾಡಾಕ ಬರ್ರಿ ಅಂದ್ರ ಕೈ ನೋಯ್ತಾವು, ಮಂದಿ ಮುತ್ಯಾಗಳ ಮಾರಿ ಹಸನ ಮಾಡ್ಕೋಂತ ಸಂಜಿತನಾ ಕುಂದರ್ತೀರಿ” ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಅಂದರೇನಂತೆ, ಪುಟಕ್ಕೆ ಬರುವ ಹೊಗಳಿಕೆಗಳನ್ನು ಓದುವಾಗ ನನಗೆ ಆ ಮಾತು ಕೇಳಿಸುತ್ತಲೇ ಇರಲಿಲ್ಲ.

ತೊಂದರೆ ಶುರುವಾದದ್ದು ಹೂವಿನ ಹಿಪ್ಪರಗಿಯಲ್ಲಿ ಸಿಕ್ಕ ಒಂದು ಫೋಟೋದಿಂದ. ಕೋಟು ತೊಟ್ಟು, ರುಮಾಲು ಸುತ್ತಿ, ಕೈಯಿರುವ ಕುರ್ಚಿಯಲ್ಲಿ ಕುಳಿತ ಒಬ್ಬ ಗಂಭೀರ ಅಜ್ಜ. ಯಾರೆಂದು ಆ ಮನೆಯವರಿಗೂ ಗೊತ್ತಿರಲಿಲ್ಲ. ಅದನ್ನು ಹಾಕಿದ ದಿನವೇ ಮುದ್ದೇಬಿಹಾಳದಿಂದ ಒಬ್ಬರು ಫೋನು ಮಾಡಿದರು. “ವಕೀಲ್ರ, ನಮ್ಮ ಮುತ್ಯಾನ ಹೊಟ್ಟಿ ಮ್ಯಾಲೆ ನಿಮ್ಮ ಹೆಸರ ಯಾಕ ಬರದೀರಿ? ಯಾರನ್ನ ಕೇಳಿ ಹಾಕೀರಿ?” ನಾನು ಕ್ಷಮೆ ಕೇಳಿ ಮುಗಿಸುವಷ್ಟರಲ್ಲಿ ಬಾಗೇವಾಡಿಯಿಂದ ಇನ್ನೊಬ್ಬರು. “ಆತ ಅವರ ಮುತ್ಯಾ ಹ್ಯಾಂಗ ಆಗ್ತಾನ್ರಿ? ಅಂವ ನಮ್ಮ ಮುತ್ಯಾ. ಆ ಕೋಟ ನೋಡ್ರಿ, ಗುರ್ತ ಸಿಗೂದಿಲ್ಲೇನು?” ಇಬ್ಬರೂ ಸಾಕ್ಷಿಗೆಂದು ತಮ್ಮ ತಮ್ಮ ಮನೆಯ ಬೇರೆ ಫೋಟೋಗಳನ್ನು ಕಳಿಸಿದರು. ನೋಡಿದರೆ ಎರಡರಲ್ಲೂ ಅದೇ ಕೋಟು, ಅದೇ ಕುರ್ಚಿ, ಹಿಂದೆ ನವಿಲು ಬರೆದ ಅದೇ ಪರದೆ.

ಅನುಮಾನ ಬಂದು ನನ್ನ ಪುಟವನ್ನೇ ಮೊದಲಿನಿಂದ ತಿರುವಿ ಹಾಕಿದೆ. ಮೋರಟಗಿಯ ಗೌಡರು, ಇಂಡಿಯ ಅಡತಿ ವ್ಯಾಪಾರಿ, ಮದುವೆಯಾದ ಹೊಸತರ ಮಾಸ್ತರರು, ಎಲ್ಲರ ಮೈಮೇಲೂ ಅದೇ ಕೋಟು! ಎತ್ತರದವರಿಗೆ ತೋಳು ಮೊಣಕೈವರೆಗೆ ಬಂದಿತ್ತು, ಗಿಡ್ಡರಿಗೆ ಬೆರಳೇ ಕಾಣುತ್ತಿರಲಿಲ್ಲ. ಕೆಳಗೆ ಮಾತ್ರ ಎಲ್ಲರದೂ ಸ್ವಂತ ಧೋತರ, ಬರಿಗಾಲು. ಅದು ಸ್ಟುಡಿಯೋದ ಕೋಟು. ನಮ್ಮ ಕಡೆ ಫೋಟೋಕ್ಕೆ ಹೋದವನು ಕೋಟು ತೊಡದೆ ಬಂದರೆ ಫೋಟೋ ತೆಗೆಸಿಕೊಂಡಂತೆಯೇ ಅಲ್ಲ ಎಂಬ ಕಾಲ ಅದು. ಇದೇ ಕೋಟಿನ ಬಗ್ಗೆ ನಾನು ಹಿಂದೊಮ್ಮೆ ‘ನಮ್ಮ ಹಿರಿಯರ ಸ್ಥಿತಿವಂತಿಕೆಯ ಕುರುಹು’ ಎಂದು ಬರೆದು ಚಪ್ಪಾಳೆ ಗಿಟ್ಟಿಸಿದ್ದೆ.

ನನಗೆ ತಿಳಿದ ಕಾನೂನೆಂದರೆ ವಾಟ್ನಿ ಒಂದೇ. ಮುತ್ಯಾನನ್ನು ಎರಡೂ ಮನೆಯವರ ಹೆಸರಿಗೆ ಜಂಟಿಯಾಗಿ ಮಾಡೋಣ ಎಂದು ಸೂಚಿಸಿ ನೋಡಿದೆ, ಇಬ್ಬರಿಂದಲೂ ಬೈಸಿಕೊಂಡೆ. ಕೊನೆಗೆ ಪುಸ್ತಕ ತೆಗೆದು ಓದಿದೆ. ಹಣ ಕೊಟ್ಟು ತೆಗೆಸಿಕೊಂಡ ಫೋಟೋ ಆದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿಕೊಂಡವರದು. ಬಿಟ್ಟಿ ತೆಗೆದದ್ದಾದರೆ ತೆಗೆದವನದು. ಹಾಗಾದರೆ ತೆಗೆದವರೇ ಬಂದು ಹೇಳಲಿ ಎಂದು ‘ಈ ಕೋಟು ಯಾರದು?’ ಎಂದು ಪುಟದಲ್ಲಿ ಕೇಳಿದೆ. ಇಂಡಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದರು. “ನಮ್ಮ ಅಪ್ಪಾರದ್ರಿ ಆ ಕೋಟ. ಸಿಂದಗ್ಯಾಗ ಸ್ಟುಡಿಯೋ ಇತ್ತ್ರಿ. ಈಗ ನಮ್ಮ ಮನ್ಯಾಗ ಅದಾರ.” ಅಪ್ಪನ ಹೆಸರು ದಸ್ತಗೀರಸಾಬ್. ಕೋಟು ಸ್ಟುಡಿಯೋದ್ದು ಎಂದು ಎಲ್ಲರಿಗೂ ಗೊತ್ತಾದದ್ದೇ ತಡ, ಎರಡೂ ಮನೆಯವರ ಸಾಕ್ಷಿ ಬಿದ್ದುಹೋಗಿ, ದಾವೆ ತಂತಾನೇ ತಣ್ಣಗಾಯಿತು.

ಆ ಖುಷಿಯಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ನಮ್ಮ ಅವ್ವನ ಟ್ರಂಕಿನಲ್ಲಿ ಸಿಕ್ಕ, ಅದೇ ಪರದೆಯ ಮುಂದೆ ತೆಗೆದ ಫೋಟೋ ಒಂದನ್ನು ಹಾಕಿದೆ. ಕುರ್ಚಿಯಲ್ಲಿ ಕೋಟು ತೊಟ್ಟ ಅಪ್ಪ, ತೊಡೆಯ ಮೇಲೆ ಅಲುಗಾಡಿ ಮಸುಕಾದ ಕೂಸು, ಅಂದರೆ ನಾನು. ಅಪ್ಪ ತಲೆ ಬಗ್ಗಿಸಿ ನನ್ನನ್ನೇ ನೋಡುತ್ತಿದ್ದಾನೆ. ಪಕ್ಕದಲ್ಲಿ ನಿಂತ ಅವ್ವ ಸೆರಗು ಜಾರಿದ್ದರ ಪರಿವೆಯೂ ಇಲ್ಲದೆ ಬಾಯ್ತುಂಬ ನಗುತ್ತಿದ್ದಾಳೆ. ಆ ಕಾಲದ ಫೋಟೋಗಳಲ್ಲಿ ಯಾರೂ ನಗುವುದಿಲ್ಲ. ಅವ್ವನೂ ಬೇರೆ ಯಾವ ಫೋಟೋದಲ್ಲಿಯೂ ನಕ್ಕಿಲ್ಲ. ಅವ್ವ ಹೋದ ಮೇಲೆ ನನಗೆ ಆ ಫೋಟೋದ ಮೇಲೆ ಜೀವ. ‘ಚೊಚ್ಚಲ ಮಗನನ್ನು ವಾತ್ಸಲ್ಯದಿಂದ ನೋಡುತ್ತಿರುವ ಅಪ್ಪ, ಅದನ್ನು ಕಂಡು ಹಿಗ್ಗಿದ ಅವ್ವ. ಹಕ್ಕು: ದಸ್ತಗೀರಸಾಬ್’ ಎಂದು ಜಂಬದಿಂದ ಬರೆದೆ. ಅವ್ವನ ತವರು ಯಂಕಂಚಿಯಿಂದ “ಅಕ್ಕ ಹಿಂಗ ನಗ್ತಿದ್ಲು ನೋಡ್ರಿ” ಎಂದು ಸೋದರಮಾವ ಬರೆದಾಗ ಕಣ್ಣು ತುಂಬಿ ಬಂತು.

ಮರುದಿನ ಇಂಡಿಯ ಆ ಹೆಣ್ಣುಮಗಳ ಫೋನು ಮತ್ತೆ ಬಂತು. “ಅಪ್ಪಾರು ಆ ಫೋಟೋ ತಗೀರಿ ಅಂತಾರ್ರಿ. ‘ಹಕ್ಕು ನಂದ ಅಂತ ವಕೀಲ್ರ ಬರದಾರ, ನನಗ ಆ ಫೋಟೋ ಅಲ್ಲಿ ಇರೂದು ಬ್ಯಾಡ’ ಅಂತ ಹಟಾ ಹಿಡದಾರ.” ಊರಿಗೆಲ್ಲ ಹಕ್ಕಿನ ಪಾಠ ಹೇಳಿದವನು ನಾನು. ಈಗ ಅವರ ಮಾತು ಕೇಳದಿದ್ದರೆ ಮಾನ ಹೋಗುತ್ತದೆ, ಕೇಳಿದರೆ ಅವ್ವ ಮತ್ತೆ ಟ್ರಂಕಿಗೆ ಹೋಗುತ್ತಾಳೆ. ಆ ಭಾನುವಾರವೇ ಇಂಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಅಪ್ಪ ಹಣ ಕೊಟ್ಟೇ ತೆಗೆಸಿದ್ದು, ಆದ್ದರಿಂದ ಹಕ್ಕು ನಮ್ಮದೇ ಎಂದು ವಾದ ಹೊಂದಿಸಿಕೊಂಡೆ.

ದಸ್ತಗೀರಸಾಬರು ಹೊರಸಿನ ಮಂಚದ ಮೇಲೆ ಕುಳಿತಿದ್ದರು. ನನ್ನ ವಾದವನ್ನು ಪೂರ್ತಿ ಕೇಳಿ, “ಬರ್ರಿ ವಕೀಲಸಾಹೇಬ್ರ, ಮೊದಲ ಚಾ ಕುಡೀರಿ” ಎಂದರು. ಆಮೇಲೆ, “ನೀ ಯಾರ ಮಗಾ ಅಂತ ಗೊತ್ತಾತು. ನಿಮ್ಮಪ್ಪ ಭಾಳ ಚಾಲೂ ಮನಶ್ಯಾ. ಅವತ್ತ ಎರಡ ಫೋಟೋ ತಗದೆ. ಛಲೋದಕ್ಕ ರೊಕ್ಕಾ ಕೊಟ್ಟ, ಕೆಟ್ಟದ್ದನ್ನ ಪುಗಸಟ್ಟಿ ಒಯ್ದ. ನೀ ಹಾಕಿದ್ದು ಆ ಪುಗಸಟ್ಟಿದು” ಎಂದರು. ನನ್ನ ವಾದ ಅಲ್ಲಿಗೇ ನೆಲ ಕಚ್ಚಿತು.

“ಕೆಟ್ಟದ್ದು ಯಾಕ ಕಾಕಾ? ನಮ್ಮವ್ವ ಎಷ್ಟ ಛಂದ ನಗಾಕತ್ತಾಳ” ಎಂದೆ.

“ಯಾಕ ನಕ್ಳು ಗೊತ್ತೈತೇನು?” ಎಂದು ಕೇಳಿ, ಮಗಳು ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು. “ನಾ ಕರೀ ಅರಿವಿ ಒಳಗ ತಲಿ ಹಾಕಿ ನೋಡಾಕತ್ತಿದ್ದೆ. ನೀ ನಿಮ್ಮಪ್ಪನ ತೊಡಿ ಮ್ಯಾಲೆ ಕುಂತಾವ ಕೋಟಿನ ತುಂಬ ಉಚ್ಚಿ ಹೊಯ್ದಿ. ‘ಯಾ ಅಲ್ಲಾ, ನನ್ನ ಕೋಟಾ!’ ಅಂತ ಒದರಿ ತಲಿ ಹೊರಗ ತಗದೆ, ಕೈಯಾಗಿನ ಗುಂಡಿ ಒತ್ತಿಬಿಟ್ಟೆ. ನಿಮ್ಮಪ್ಪ ತೊಡಿ ನೋಡಾಕತ್ತ, ನಿಮ್ಮವ್ವ ನನ್ನ ಮಾರಿ ನೋಡಿ ನಕ್ಳು. ಇದ್ದದ್ದ ಒಂದ ಕೋಟ ತಮ್ಮಾ. ಹಿಂಡಿ ಬಿಸಲಾಗ ಹಾಕಿ, ಸಂಜಿಕಿ ಒಬ್ಬ ಮದುಮಗಗ ಅದನ್ನ ತೊಡಸಿದೆ. ಯಾರರ ಶಾಣ್ಯಾ ಆ ಫೋಟೋ ದೊಡ್ಡದ ಮಾಡಿ ನೋಡಿದ್ರ, ನನ್ನ ಗತಿ ಏನು?”

ನನಗೆ ನಗು ತಡೆಯಲಾಗಲಿಲ್ಲ. ಜೊತೆಗೆ ನನ್ನ ‘ವಾತ್ಸಲ್ಯ’ದ ಸಾಲು ನೆನಪಾಗಿ ನಾಚಿಕೆಯೂ ಆಯಿತು. ಮೊಬೈಲಿನಲ್ಲಿ ಅವ್ವನ ಮುಖವನ್ನು ದೊಡ್ಡದು ಮಾಡಿ ಅವರ ಕೈಗೆ ಕೊಟ್ಟೆ. ಕಾಕಾ ಬಹಳ ಹೊತ್ತು ನೋಡಿದರು. “ಇಷ್ಟ ಮಂದಿ ಫೋಟೋ ತಗದೆ. ಎಲ್ಲಾರಿಗೂ ಅಲುಗಾಡಬ್ಯಾಡ್ರಿ, ನಗಬ್ಯಾಡ್ರಿ ಅಂತಿದ್ದೆ. ಈ ತಂಗಿ ಒಬ್ಬಾಕಿನ ಮಾತ ಕೇಳ್ಲಿಲ್ಲ” ಎಂದರು. ಆಮೇಲೆ ಮೊಬೈಲು ವಾಪಸು ಕೊಡುತ್ತ, “ಇರ್ಲಿ ಬಿಡು, ನನ್ನ ಹೆಸರ್ಲೇ ಇರ್ಲಿ. ಆದ್ರ ಕೋಟ ಯಾರು ಕೆಡಿಸಿದ್ರು ಅನ್ನೂದು ಖರೇ ಖರೇ ಬರಿ. ಮಂದಿ ಬೈದ್ರ ನಿನಗ ಬೈಲಿ” ಎಂದರು.

ಬರೆದೆ. ಬರವಣಿಗೆಯಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ ಎಂದು ಕಕ್ಷಿದಾರರಿಗೆ ಬುದ್ಧಿ ಹೇಳುವ ನಾನೇ ನಾಲ್ಕು ತಾಲೂಕಿನ ಮುಂದೆ ಬರೆದು ಒಪ್ಪಿಕೊಂಡೆ. ಮುದ್ದೇಬಿಹಾಳದವರೂ ಬಾಗೇವಾಡಿಯವರೂ ಮೊಟ್ಟಮೊದಲ ಬಾರಿಗೆ ಒಂದಾಗಿ, ಕೋಟಿನ ಹಿರಿಯ ತಮ್ಮ ಮುತ್ಯಾ ಅಲ್ಲವೇ ಅಲ್ಲ, ಅವರ ಮುತ್ಯಾ ಇರಬಹುದು ಎಂದು ಪರಸ್ಪರ ಬಿಟ್ಟುಕೊಟ್ಟರು. ಕೋರ್ಟಿನ ಕಟ್ಟೆಯ ಮೇಲೆ ಕಕ್ಷಿದಾರರು ನನ್ನನ್ನು ಕಂಡ ಕೂಡಲೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ, ಅವ್ವ ನಗುತ್ತಿದ್ದಾಳಲ್ಲ, ನನಗೆ ಸಾಕು. ಓದಿ, ವಕೀಲನಾಗಿ, ನಾಲ್ಕು ಜನ ಮೆಚ್ಚುವ ಹಾಗೆ ಬದುಕಿಯೂ ಅವ್ವನನ್ನು ಅಷ್ಟು ನಗಿಸಲು ನನಗೆ ಇನ್ನೊಮ್ಮೆ ಆಗಲೇ ಇಲ್ಲ. ನಗಿಸಿದ ಆ ಒಂದು ಸಲದ್ದಕ್ಕೂ ಇಂಡಿಗೆ ಹೋಗಿ ಬೇರೆಯವರ ಪರವಾನಗಿ ತರಬೇಕಾಯಿತು.