ಲೈಸೆನ್ಸ್ ತೀರಿದ ವಕೀಲಮ್ಮ

ನಮ್ಮ ಹುಣಸೂರು ಕಡೆ ಲೈಸೆನ್ಸ್ ಇಲ್ಲದೆ ಸಿಕ್ಕಿಬೀಳದವರು ಯಾರಾದರೂ ಇದ್ದರೆ, ಅವರ ಹತ್ತಿರ ಗಾಡಿಯೇ ಇಲ್ಲ ಎಂದು ತಿಳಿಯಬೇಕು. ಇಷ್ಟು ವರ್ಷದ ವಕೀಲಿಕೆಯಲ್ಲಿ ಇಂಥವರು ನನ್ನ ಕಚೇರಿಗೆ ಬರುತ್ತಲೇ ಇದ್ದಾರೆ. ನಾನೂ ಅವರ ಸಾಲಿಗೆ ಸೇರಿದ ದಿನದಿಂದ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ.

೧. ಈಜು ಬಂದವರ ವಾದ

ಕಟ್ಟೆಮಳಲವಾಡಿಯಿಂದ ಹೊಗೆಸೊಪ್ಪು ಬೆಳೆಯುವ ಯಜಮಾನರೊಬ್ಬರು ಸಮನ್ಸ್ ಹಿಡಿದು ಬಂದರು.

“ನಿಮ್ಮ ಲೈಸೆನ್ಸ್ ತೀರಿ ಎರಡು ವರ್ಷ ಆಗಿದೆಯಲ್ಲ” ಎಂದೆ.

“ಅದ್ಯಾಕೆ ತೀರ್ತದೆ ಮೇಡಂ? ಈಜು ಕಲ್ತೋನು ಆಗಾಗ ಕೆರೆ ತಾವ ಓಗಿ ಸೈ ಮಾಡುಸ್ಕೊಂಡ್ ಬತ್ತಾನಾ?”

ಮಾತಿನಲ್ಲಿ ಹುರುಳಿತ್ತು, ಕಾನೂನಿನಲ್ಲಿ ಜಾಗವಿರಲಿಲ್ಲ. ದಿನಾಂಕವನ್ನು ಎಲ್ಲಿ ನೋಡಬೇಕೆಂದು ತೋರಿಸಲು ನನ್ನದೇ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು.

“ಇದೂ ತೀರೋಗ್ಯದಲ್ಲ ಮೇಡಂ. ವರ್ಸದ ಮೇಲಾಯ್ತು.”

ಕಾಲೇಜಿನಲ್ಲಿದ್ದಾಗ ಮಾಡಿಸಿದ್ದು, ನಲವತ್ತು ತುಂಬುವವರೆಗೆ ಮಾತ್ರ ಚಾಲ್ತಿ. ನಲವತ್ತಾದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಾರ್ಡು ಲೆಕ್ಕ ಇಟ್ಟಿತ್ತು.

ಯಜಮಾನರೇ ಧೈರ್ಯ ಹೇಳಿದರು: “ಯೋಚ್ನೆ ಮಾಡ್ಬೇಡಿ. ನಮ್ಮಿಬ್ರುದ್ನೂ ಒಂದೇ ಕೇಸಲ್ಲಿ ಸೇರುಸ್ಬುಡಿ.”

೨. ಹಿಂದೆ ಕೂತ ಪೊಲೀಸು

ತೀರಿ ವರ್ಷ ದಾಟಿದ್ದರಿಂದ ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್‌ನಿಂದ ಶುರುಮಾಡಿ ಹೊಸದಾಗಿ ಟೆಸ್ಟ್ ಕೊಡಬೇಕಂತೆ. ಅಷ್ಟರೊಳಗೆ ಸಿಕ್ಕಿಬಿದ್ದರೆ, ನಾನು ವಾದ ಮಾಡುವ ಕೋರ್ಟಿನಲ್ಲೇ ನನ್ನ ಹೆಸರು ಕೂಗುತ್ತಾರೆ. ಬಸ್ಸಿನಲ್ಲಿ ಓಡಾಡತೊಡಗಿದೆ. ಒಂದು ಬೆಳಿಗ್ಗೆ ಹೆಗ್ಗಡದೇವನಕೋಟೆಯ ಬಸ್ಸು ತಪ್ಪಿತು, ಕೇಸಿತ್ತು, ಸ್ಕೂಟರ್ ತೆಗೆದೆ. ಊರು ದಾಟುತ್ತಲೇ ಪೇದೆಯೊಬ್ಬರು ಕೈ ಅಡ್ಡ ಹಾಕಿದರು. ಗಾಡಿ ನಿಲ್ಲಿಸಿದೆ.

“ಕೋಟೆ ಕೋರ್ಟಿಗಾ ಮೇಡಂ? ನಂದೂ ಅಲ್ಲೇ ಸಾಕ್ಷಿ ಅದೆ, ಬಸ್ಸು ತಪ್ಪೋಯ್ತು” ಎಂದು ಹಿಂದೆ ಕೂತೇಬಿಟ್ಟರು.

ದಾರಿಯಲ್ಲಿ ತಪಾಸಣೆಗೆ ನಿಂತವರು ಹಿಂದಿನ ಖಾಕಿ ನೋಡಿ ಕೈ ಬೀಸಿ ಬಿಟ್ಟರು. ಅಷ್ಟರಲ್ಲಿ ಹಿಂದೆ ಕೂತವರು ಶುರುಮಾಡಿದರು: “ಇಷ್ಟು ವರ್ಸ ಡ್ಯೂಟಿ ಮಾಡಿವ್ನಲ್ಲ ಮೇಡಂ, ಲೈಸೆನ್ಸಿಲ್ದೋರು ಯಾರು ಅಂತ ಮುಖ ನೋಡಿದ್ರೇ ಗೊತ್ತಾಯ್ತದೆ.”

“ಹೌದಾ?” ಎಂದು ನಾನು ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿದೆ.

೩. ಟ್ರ್ಯಾಕ್ಟರಿನ ಪಾಲು

ಎಲ್‌ಎಲ್‌ಆರ್ ಕೈಗೆ ಬಂತು. ಟೆಸ್ಟಿನ ದಿನ ಎಣಿಸುತ್ತಾ ಕೂತಿದ್ದಾಗ ಹೊಸ ಅಗ್ರಹಾರದಿಂದ ಅಣ್ಣತಮ್ಮ ಇಬ್ಬರು ಪಾಲುಪಟ್ಟಿ ಬರೆಸಲು ಬಂದರು. ಜಮೀನು, ಪಂಪ್‌ಸೆಟ್, ಎಮ್ಮೆ ಜಗಳವಿಲ್ಲದೆ ಹಂಚಿಹೋದವು. ಟ್ರ್ಯಾಕ್ಟರ್ ತಮ್ಮನಿಗೆ ಬಂತು. ಆ ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಅಣ್ಣನಿಗೊಬ್ಬನಿಗೇ. ಅದೂ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲೇ ಇರುತ್ತಿತ್ತಂತೆ. ಯಾರು ಓಡಿಸಿದರೂ ಅದನ್ನೇ ತೋರಿಸುವುದು.

“ಟ್ರ್ಯಾಕ್ಟ್ರು ನನ್ಗೆ, ಅದ್ರ ಲೈಸೆನ್ಸು ಅವ್ನಿಗೆ ಅಂದ್ರೆ ಇದ್ಯಾವ ನ್ಯಾಯ ಮೇಡಂ?” ಎಂದ ತಮ್ಮ.

ಲೈಸೆನ್ಸು ಓಡಿಸುವವನಿಗೆ ಕೊಡುವುದು, ಗಾಡಿಗಲ್ಲ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವನು ಪೆನ್ನು ಮುಟ್ಟಲಿಲ್ಲ. ಕೊನೆಗೆ ಅಣ್ಣನೇ ಕರಗಿದ.

“ಓಗ್ಲಿ ಬುಡಿ ಮೇಡಂ, ಚಿಕ್ಕೋನು. ಅದ್ನೂ ಅವ್ನ ಪಾಲ್ಗೇ ಬರೀರಿ. ನನ್ ಫೋಟೋ ಮಾತ್ರ ಕಿತ್ತು ವಾಪಸ್ ಕೊಡ್ಲಿ.”

೪. ತಳ್ಳುವ ದಾರಿ

ಎಲ್‌ಎಲ್‌ಆರ್ ಇದ್ದವರು ಗಾಡಿ ಓಡಿಸಿದರೆ ಲೈಸೆನ್ಸ್ ಇದ್ದವರೊಬ್ಬರು ಜೊತೆಗಿರಬೇಕು. ಟೆಸ್ಟಿನ ದಿನ ಜೊತೆಗೆ ಬರಬೇಕಿದ್ದ ನನ್ನ ಗಂಡ, ಏನೋ ಕೆಲಸವೆಂದು ಬೆಳಿಗ್ಗೆಯೇ ಪಿರಿಯಾಪಟ್ಟಣಕ್ಕೆ ಹೋಗಿಬಿಟ್ಟಿದ್ದರು. ಹನ್ನೊಂದಕ್ಕೆ ಕೋರ್ಟು ಬೇರೆ. ಕರಿಕೋಟು ಹಾಕಿಕೊಂಡು ಒಬ್ಬಳೇ ಹೊರಟೆ.

ಟೆಸ್ಟ್ ನಡೆಯುವ ಮೈದಾನಕ್ಕೆ ಇನ್ನೊಂದು ತಿರುವು ಇರುವಾಗ ನೋಡುತ್ತೇನೆ, ಮುಂದೆ ಹೋಗುತ್ತಿದ್ದವರೆಲ್ಲ ಇಳಿದು ಗಾಡಿ ತಳ್ಳುತ್ತಿದ್ದಾರೆ. ಪೆಟ್ರೋಲು ಖಾಲಿಯಾದ ಮೆರವಣಿಗೆಯ ಹಾಗೆ. ಅವರಲ್ಲೊಬ್ಬಳು, ಮಲ್ಲಿಗೆ ಮುಡಿದ ಹೆಂಗಸು, ನನ್ನನ್ನೂ ನಿಲ್ಲಿಸಿದಳು.

“ಇಳೀರಿ ಮೇಡಂ. ಇಲ್ಲಿಂದ ತಳ್ಕೊಂಡೇ ಓಗ್ಬೇಕು.”

“ಯಾಕಮ್ಮ?”

“ಲೈಸೆನ್ಸಿಲ್ದೆ ಓಡುಸ್ಕೊಂಡ್ ಬರೋದು ತಪ್ಪಲ್ವಾ?”

ಇಳಿದೆ. ತಳ್ಳಿದೆ. ಎಂಟರ ಆಕಾರದ ಗೆರೆಯಲ್ಲಿ ಮೊದಲ ಸಲ ಕಾಲು ನೆಲಕ್ಕೆ ತಾಗಿತು; ಇನ್ಸ್‌ಪೆಕ್ಟರು ಇನ್ನೊಂದು ಅವಕಾಶ ಕೊಟ್ಟರು. ಎರಡನೇ ಸಲ ಸರಿಯಾಗಿ ಸುತ್ತಿ ಬಂದೆ. ಅವರು ನನ್ನ ಕರಿಕೋಟನ್ನೇ ನೋಡಿದರು.

“ಗಾಡಿ ಇಲ್ಲಿಗೆ ಹೆಂಗೆ ಬಂತು ಮೇಡಂ?”

“ತಳ್ಕೊಂಡು ಬಂದೆ ಸರ್.”

“ಮನೆಯಿಂದ್ಲಾ?”

ಕಕ್ಷಿದಾರರಿಗೆ ಸದಾ ಹೇಳುವುದನ್ನೇ ನಾನೂ ಮಾಡಿದೆ. ಸುಮ್ಮನಿದ್ದೆ.

“ಪಾಸು. ಕಾರ್ಡು ಅಂಚೇಲಿ ಬರುತ್ತೆ. ಅಲ್ಲೀವರ್ಗೂ ಒಬ್ರೇ ಓಡಿಸ್ಬೇಡಿ” ಎಂದರು.

ಗಂಟೆ ಹತ್ತೂಮುಕ್ಕಾಲು. ಗೇಟು ದಾಟಿದ್ದೇ ಆತುರದಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿದೆ. ತನ್ನ ಗಾಡಿ ತಳ್ಳುತ್ತಾ ಹಿಂದೆ ಬರುತ್ತಿದ್ದ ಅದೇ ಹೆಂಗಸು ಬೇಸರದಿಂದ ತಲೆಯಾಡಿಸಿದಳು.

“ಓದ್ದೋರು ನೀವೇ ಇಂಗ್ ಮಾಡಿದ್ರೆ ಎಂಗೆ ಮೇಡಂ? ಇನ್ನೊಂಚೂರು ತಳ್ಳಿ. ಕಾನೂನು ಆ ತಿರುವ್ಗಂಟ ಅದೆ. ಆಮೇಲೆ ನಿಮ್ಮಿಷ್ಟ.”